ಡ್ರಿಲ್ ನಿಂತಾಗ ಮಕ್ಕಳ ಹಲ್ಲಿಗೆ ಏನಾಯಿತು?

ನಾಲ್ಕೈದು ವರ್ಷದ ಮಗು ಹಲ್ಲಿನ ಡಾಕ್ಟರ ಕೋಣೆಗೆ ಬಂದರೆ ಮೊದಲು ನೋಡುವುದು ಡಾಕ್ಟರ ಮುಖ. ಆ ಮುಖ ನಕ್ಕರೆ ಒಂದು ಹೆಜ್ಜೆ ಮುಂದೆ ಬರುತ್ತದೆ. ಇಲ್ಲದಿದ್ದರೆ ಅಮ್ಮನ ಹಿಂದೆ ಅಡಗುತ್ತದೆ. ಮಕ್ಕಳ ಹಲ್ಲಿನ ಚಿಕಿತ್ಸೆಯ ಅರ್ಧ ಕೆಲಸ ಈ ಒಂದು ಹೆಜ್ಜೆಯಲ್ಲೇ ಇದೆ. 2020ರಲ್ಲಿ ನಮ್ಮ ಹತ್ತಿರ ತೋರಿಸಲು ಮುಖವೇ ಇರಲಿಲ್ಲ.

ಎನ್‌95 ಮಾಸ್ಕ್, ಅದರ ಮೇಲೊಂದು ಸರ್ಜಿಕಲ್ ಮಾಸ್ಕ್, ಕನ್ನಡಕ, ಫೇಸ್ ಶೀಲ್ಡ್, ತಲೆಯಿಂದ ಪಾದದವರೆಗೆ ಬಿಳಿ ಪಿಪಿಇ ಕಿಟ್. ಮತ್ತೆ ಕೆಲಸ ಶುರು ಮಾಡಿದ ಮೊದಲ ವಾರಗಳಲ್ಲಿ ಬಂದ ಐದು ವರ್ಷದ ಒಬ್ಬ ಹುಡುಗಿ ಈಗಲೂ ಕಣ್ಣ ಮುಂದಿದ್ದಾಳೆ. ಕೆಳಗಿನ ದವಡೆ ಹಲ್ಲಿನಲ್ಲಿ ತೂತು. ತಿಂದದ್ದು ಸಿಕ್ಕಿಕೊಂಡಾಗ ಮಾತ್ರ ನೋವು. ನನ್ನನ್ನು ನೋಡಿದ್ದೇ ತಡ, ಜೋರು ಅಳು. "ಬಾ ಪುಟ್ಟಿ, ಸುಮ್ನೆ ನೋಡ್ತೀನಿ ಅಷ್ಟೇ" ಅಂದೆ. ಎರಡು ಮಾಸ್ಕ್ ದಾಟುವಷ್ಟರಲ್ಲಿ ಆ ಮಾತು ಬರೀ ಗೊಣಗಾಟವಾಗಿತ್ತು. ದನಿ ಏರಿಸಿ ಹೇಳಿದೆ. ಅದು ಬೈದ ಹಾಗೆ ಕೇಳಿಸಿತು. "ಡಾಕ್ಟ್ರೇ, ಒಳಗೆ ಯಾರಿದ್ದಾರೆ ಅಂತಾನೇ ಅವಳಿಗೆ ಗೊತ್ತಾಗ್ತಿಲ್ಲ" ಅಂದರು ಅವಳಮ್ಮ.

ಅವರ ಮಾತೇ ದಾರಿ ತೋರಿಸಿತು. ಗಾಜಿನ ಬಾಗಿಲಿನ ಆಚೆ ಹೋಗಿ ನಿಂತು ಎಲ್ಲವನ್ನೂ ತೆಗೆದೆ. ನಕ್ಕೆ, ಕೈ ಬೀಸಿದೆ. ಹೊಸ ಮಾಸ್ಕು, ಕನ್ನಡಕ, ಶೀಲ್ಡನ್ನು ಅವಳು ನೋಡುತ್ತಿರುವಂತೆಯೇ ಒಂದೊಂದಾಗಿ ಹಾಕಿಕೊಂಡು ಒಳಗೆ ಬಂದೆ. ಈ ಸಲ ಅವಳು ಬಾಯಿ ತೆರೆದಳು. ಅಷ್ಟಕ್ಕೆ ಇಪ್ಪತ್ತು ನಿಮಿಷ ಹೋಗಿತ್ತು.

ಅವಳ ಹಲ್ಲಿಗೆ ಏನು ಮಾಡಿದೆವು ಅನ್ನುವುದನ್ನು ಆಮೇಲೆ ಹೇಳುತ್ತೇನೆ. ಕೋವಿಡ್ ನಮ್ಮಿಂದ ಮೂರು ಸಂಗತಿ ಕಿತ್ತುಕೊಂಡಿತು: ವೈದ್ಯರ ನಗು, ವೈದ್ಯರ ಡ್ರಿಲ್, ಕಲಿಯುವವರಿಗೆ ಸಿಗಬೇಕಿದ್ದ ಮಕ್ಕಳು. ಮೊದಲನೆಯದು ಮಾಸ್ಕ್ ಕಳಚಿದಾಗ ತಾನಾಗಿಯೇ ವಾಪಸ್ ಬಂತು. ಎರಡನೆಯದು ಹೋದದ್ದರಿಂದ ಮಕ್ಕಳಿಗೆ ಒಳ್ಳೆಯದೂ ಆಯಿತು ಅನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಮೂರನೆಯದರ ಬೆಲೆಯನ್ನು ಮಾತ್ರ ಇನ್ನೂ ತೆರುತ್ತಿದ್ದೇವೆ.

ಹಲ್ಲಿನ ಕುರ್ಚಿಗೇ ಯಾಕೆ ಅಷ್ಟು ಭಯ?

ವಿಶ್ವ ಆರೋಗ್ಯ ಸಂಸ್ಥೆ ಕೋವಿಡನ್ನು ಜಾಗತಿಕ ಸಾಂಕ್ರಾಮಿಕ ಎಂದು ಕರೆದದ್ದು 2020ರ ಮಾರ್ಚ್ 11ರಂದು. ಐದೇ ದಿನದಲ್ಲಿ, ಮಾರ್ಚ್ 16ಕ್ಕೆ, ಅಮೆರಿಕದ ದಂತವೈದ್ಯರ ಸಂಘ ತುರ್ತಲ್ಲದ ಎಲ್ಲ ಕೆಲಸವನ್ನೂ ಮೂರು ವಾರ ಮುಂದೂಡಿ ಎಂದು ತನ್ನ ಸದಸ್ಯರಿಗೆ ಹೇಳಿತು. ಬೇರೆ ದೇಶಗಳಲ್ಲೂ ಹೆಚ್ಚು ಕಡಿಮೆ ಇದೇ ಆಯಿತು. ಮೂರು ವಾರ ಅಂದದ್ದು ಎಷ್ಟೋ ಕಡೆ ತಿಂಗಳುಗಳಾದವು.

ಭಯಕ್ಕೆ ಕಾರಣ ನಮ್ಮ ಕೈಯಲ್ಲಿರುವ ಯಂತ್ರ. ಹಲ್ಲು ಕೊರೆಯುವ ಏರೋಟರ್ ಒಂದು ನಿಮಿಷಕ್ಕೆ ಮೂರರಿಂದ ನಾಲ್ಕು ಲಕ್ಷ ಸುತ್ತು ತಿರುಗುತ್ತದೆ. ಅಷ್ಟು ವೇಗಕ್ಕೆ ಹಲ್ಲು ಬಿಸಿಯಾಗದಿರಲಿ ಅಂತ ಜೊತೆಗೆ ನೀರು ಚಿಮ್ಮುತ್ತಲೇ ಇರಬೇಕು. ಆ ನೀರು ಬಾಯಿಯ ಎಂಜಲಿನ ಜೊತೆ ಸೇರಿ ಕಣ್ಣಿಗೆ ಕಾಣದ ಮಂಜಾಗಿ ಗಾಳಿಗೆ ಏರುತ್ತದೆ. ಹಲ್ಲು ಕ್ಲೀನ್ ಮಾಡುವ ಸ್ಕೇಲರ್ ಕೂಡ ಹಾಗೇ. ವೈದ್ಯರ ಮೂಗು ಅಲ್ಲಿಂದ ಒಂದು ಮೊಳ ದೂರವೂ ಇರುವುದಿಲ್ಲ.

ಆ ಮಂಜು ಕೋಣೆಯಲ್ಲಿ ಎಷ್ಟು ಹೊತ್ತು ನಿಲ್ಲುತ್ತದೆ ಅನ್ನುವುದು ಗಾಳಿಯಾಟದ ಲೆಕ್ಕ. ಗಂಟೆಗೆ ಆರು ಸಲ ಗಾಳಿ ಬದಲಾಗುವ ಕೋಣೆಯಲ್ಲಿ ಶೇಕಡಾ 99ರಷ್ಟು ಕಣ ಹೊರಹೋಗಲು 46 ನಿಮಿಷ ಬೇಕು. ಹನ್ನೆರಡು ಸಲ ಬದಲಾದರೆ 23 ನಿಮಿಷ ಸಾಕು. ಒಂದು ಮಗುವಿಗೂ ಇನ್ನೊಂದು ಮಗುವಿಗೂ ನಡುವೆ ಕೋಣೆ ಖಾಲಿ ಇಟ್ಟು ಕಾಯುವ ಪದ್ಧತಿ ಬಂದದ್ದು ಹೀಗೆ. ದಿನಕ್ಕೆ ಇಪ್ಪತ್ತು ಮಕ್ಕಳನ್ನು ನೋಡುತ್ತಿದ್ದ ಕಡೆ ಆರೇಳು ಮಕ್ಕಳನ್ನು ನೋಡಿದರೆ ಹೆಚ್ಚು.

ಆಗಸ್ಟ್ 3ರಂದು ವಿಶ್ವ ಆರೋಗ್ಯ ಸಂಸ್ಥೆ ಇನ್ನೊಂದು ಸಲಹೆ ಕೊಟ್ಟಿತು. ಸೋಂಕು ಸಮುದಾಯದಲ್ಲಿ ಹರಡುತ್ತಿರುವ ಕಡೆ ಮಾಮೂಲಿ ತಪಾಸಣೆ, ಕ್ಲೀನಿಂಗ್ ಎಲ್ಲ ಸದ್ಯಕ್ಕೆ ಬೇಡ ಅಂತ. ಅಮೆರಿಕದ ಸಂಘ ಇದನ್ನು ನೇರವಾಗಿ ವಿರೋಧಿಸಿತು. ಹಲ್ಲಿನ ಆರೈಕೆಯೂ ಅಗತ್ಯ ಸೇವೆಯೇ ಅನ್ನುವುದು ಅವರ ವಾದ. ನಂತರ ಬಂದ ಅಂಕಿಗಳು ಅವರ ಕಡೆಗೇ ವಾಲಿದವು. 2020ರ ಜೂನ್‌ನಲ್ಲಿ ನಡೆದ ಸಮೀಕ್ಷೆಯಲ್ಲಿ ಸೋಂಕು ತಗುಲಿದ್ದ ಅಮೆರಿಕದ ದಂತವೈದ್ಯರು ಅಂದಾಜು ನೂರಕ್ಕೆ ಒಬ್ಬರಿಗಿಂತ ಕಡಿಮೆ. 2021ರಲ್ಲಿ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದವರು ಚಿಮ್ಮಿದ ಹನಿಗಳಲ್ಲಿರುವ ಸೂಕ್ಷ್ಮಜೀವಿಗಳು ಎಲ್ಲಿಂದ ಬಂದವು ಅಂತ ಹುಡುಕಿದರು. ಬಹುಪಾಲು ನಮ್ಮ ಯಂತ್ರದ ನೀರಿನವೇ. ಎಂಜಲಿನ ಪಾಲು ತೀರಾ ಕಡಿಮೆ.

ಹಾಗಂತ ಅಷ್ಟೆಲ್ಲ ಎಚ್ಚರಿಕೆ ದಂಡ ಅಂತ ನಾನು ಹೇಳುವುದಿಲ್ಲ. ಆ ಅಂಕಿಗಳು ಬಂದದ್ದೇ ಎಲ್ಲರೂ ಮಾಸ್ಕ್, ಬಾಯಿಯ ನೀರು ಎಳೆಯುವ ಸಕ್ಷನ್ ಅಂತ ಬಿಗಿಯಾಗಿದ್ದ ಕಾಲದಲ್ಲಿ. ಹಲ್ಲಿನ ಡಾಕ್ಟರ್ ಕೈಗವಸು ಇಲ್ಲದೆ ಬಾಯಿಗೆ ಕೈ ಹಾಕುವುದು ಇವತ್ತು ಊಹೆಗೂ ಬರುವುದಿಲ್ಲ, ಅಲ್ವಾ? ಆದರೆ 1980ರ ದಶಕದವರೆಗೆ ಬರಿಗೈಯಲ್ಲೇ ಕೆಲಸ ಮಾಡುವವರು ಎಷ್ಟೋ ಜನ ಇದ್ದರು. ಆ ಗವಸು ಖಾಯಂ ಆಗಿದ್ದು ಎಚ್‌ಐವಿಯ ಕಾಲದಲ್ಲಿ.

ಮಗುವಿನ ವಿಷಯದಲ್ಲಿ ಇನ್ನೊಂದು ತೊಡಕಿತ್ತು. ಚಿಕಿತ್ಸೆಗೆ ಮೊದಲು ಔಷಧಿ ನೀರಿನಲ್ಲಿ ಬಾಯಿ ಮುಕ್ಕಳಿಸಿ ಅಂತ ದೊಡ್ಡವರಿಗೆ ಹೇಳಬಹುದು. ಮೂರು ವರ್ಷದ ಮಗು ಅದನ್ನು ನುಂಗಿಬಿಡುತ್ತದೆ. ಇನ್ನು ಅಳು. ಕಿರುಚಿ ಅಳುವ, ಕೆಮ್ಮುವ ಮಗು ಯಾವ ಯಂತ್ರವೂ ಇಲ್ಲದೆ ಹನಿಗಳನ್ನು ಹರಡುತ್ತದೆ. ಅಂದರೆ ಮಗುವನ್ನು ಸಮಾಧಾನವಾಗಿ ಇಟ್ಟುಕೊಳ್ಳುವುದೇ ಸೋಂಕು ತಡೆಯುವ ಮೊದಲ ಕ್ರಮ. ನಮ್ಮಲ್ಲಿ ತುಂಬಾ ಜನ ಇದನ್ನು ತಡವಾಗಿ ಅರ್ಥಮಾಡಿಕೊಂಡೆವು. ಮೊದಲ ತಿಂಗಳುಗಳಲ್ಲಿ ಶೀಲ್ಡು, ಗೌನಿನ ಬಗ್ಗೆ ಮಾತಾಡಿದಷ್ಟು ಮಗುವಿನ ಭಯದ ಬಗ್ಗೆ ಯಾರೂ ಮಾತಾಡಲಿಲ್ಲ.

ಹಾಲುಹಲ್ಲು ಕಾಯುವುದಿಲ್ಲ

"ಹೇಗೂ ಬಿದ್ದು ಹೋಗೋ ಹಲ್ಲು, ಎರಡು ತಿಂಗಳು ತಡವಾದರೆ ಏನಾಯಿತು?" ಈ ಪ್ರಶ್ನೆ ಆಗ ಫೋನಿನಲ್ಲಿ ದಿನಾ ಕೇಳುತ್ತಿದ್ದೆ. ಹಾಲುಹಲ್ಲಿನ ಹೊರಕವಚ ಶಾಶ್ವತ ಹಲ್ಲಿನದರ ಸುಮಾರು ಅರ್ಧದಷ್ಟೇ ದಪ್ಪ. ಒಳಗಿನ ನರದ ಕೋಣೆ ಹಲ್ಲಿನ ಗಾತ್ರಕ್ಕೆ ಹೋಲಿಸಿದರೆ ದೊಡ್ಡದು. ಹಾಗಾಗಿ ಹುಳುಕು ನರ ಮುಟ್ಟಲು ಹೆಚ್ಚು ದೂರ ಹೋಗಬೇಕಿಲ್ಲ. ದೊಡ್ಡವರಲ್ಲಿ ವರ್ಷ ಹಿಡಿಯುವುದು ಮಗುವಿನಲ್ಲಿ ಕೆಲವೇ ತಿಂಗಳಲ್ಲಿ ಆಗಬಹುದು. ಜೊತೆಗೆ ಕೊನೆಯ ಹಾಲುಹಲ್ಲು ಬೀಳುವುದು ಹತ್ತರಿಂದ ಹನ್ನೆರಡು ವರ್ಷಕ್ಕೆ. ಐದನೇ ವರ್ಷಕ್ಕೇ ಅದು ಹೋದರೆ ಅಕ್ಕಪಕ್ಕದ ಹಲ್ಲು ವಾಲಿ, ಕೆಳಗೆ ಕಾಯುತ್ತಿರುವ ಹೊಸ ಹಲ್ಲಿಗೆ ಜಾಗವಿಲ್ಲದಂತೆ ಆಗುತ್ತದೆ.

ಮನೆಯಲ್ಲಿ ಏನಾಗುತ್ತಿತ್ತು ನೋಡಿ. ಶಾಲೆ ಇಲ್ಲ. ಊಟದ ಹೊತ್ತು, ತಿಂಡಿಯ ಹೊತ್ತು ಅಂತ ಇಲ್ಲ. ಮೊಬೈಲ್ ಮುಂದೆ ಕೂತ ಮಗು ದಿನವಿಡೀ ಏನಾದರೂ ಸಿಹಿ ಮೆಲ್ಲುತ್ತಿರುತ್ತದೆ. ಸಿಹಿ ತಿಂದಾಗಲೆಲ್ಲ ಬಾಯಿಯ ಆಮ್ಲ ಏರುತ್ತದೆ. ಆಮ್ಲ ಏರಿದಷ್ಟೂ ಇಳಿಯುವ ಪಿಎಚ್ ಎಂಬ ಅಳತೆ 5.5ಕ್ಕಿಂತ ಕೆಳಗಿಳಿದರೆ ಹಲ್ಲಿನ ಖನಿಜ ಕರಗಲು ಶುರು. ಎಂಜಲು ಅದನ್ನು ಸರಿ ಮಾಡಲು ಅರ್ಧ ಗಂಟೆಯಾದರೂ ಬೇಕು. ಅಷ್ಟರಲ್ಲಿ ಇನ್ನೊಂದು ತುತ್ತು ಒಳಗೆ ಹೋಗಿರುತ್ತದೆ. ಒಟ್ಟು ಎಷ್ಟು ಸಿಹಿ ತಿಂದರು ಅನ್ನುವುದಕ್ಕಿಂತ ಎಷ್ಟು ಸಲ ತಿಂದರು ಅನ್ನುವುದೇ ಇಲ್ಲಿ ಮುಖ್ಯ.

ಆಸ್ಪತ್ರೆ ಮುಚ್ಚಿದಾಗ ಉಳಿದದ್ದು ಫೋನಿನ ಸಲಹೆ, ನೋವಿನ ಮಾತ್ರೆ, ಆಂಟಿಬಯೋಟಿಕ್. ಇಂಗ್ಲೆಂಡಿನಲ್ಲಿ 2020ರ ಏಪ್ರಿಲ್‌ನಿಂದ ಜುಲೈವರೆಗೆ ದಂತವೈದ್ಯರು ಬರೆದ ಆಂಟಿಬಯೋಟಿಕ್ ಚೀಟಿಗಳು ಹಿಂದಿನ ವರ್ಷದ ಅದೇ ತಿಂಗಳುಗಳಿಗಿಂತ ಸುಮಾರು ಶೇಕಡಾ 25 ಹೆಚ್ಚಾದವು. ಹಲ್ಲಿನ ನೋವಿಗೆ ಈ ಔಷಧಿ ಬಹುತೇಕ ಸಂದರ್ಭದಲ್ಲಿ ಉತ್ತರ ಅಲ್ಲ. ಸತ್ತ ನರದಲ್ಲಿ ರಕ್ತ ಹರಿಯುವುದಿಲ್ಲ, ಹಾಗಾಗಿ ಔಷಧಿ ಅಲ್ಲಿಗೆ ತಲುಪುವುದೂ ಇಲ್ಲ. ಕೀವಿಗೆ ದಾರಿ ಮಾಡಿಕೊಡಬೇಕು, ಇಲ್ಲವೇ ಹಲ್ಲು ತೆಗೆಯಬೇಕು. ಆದರೆ ಅರಿವಳಿಕೆ ಕೊಟ್ಟು ಮಕ್ಕಳ ಹಲ್ಲು ತೆಗೆಯುವ ಆಪರೇಷನ್ ಥಿಯೇಟರ್‌ಗಳು ಕೋವಿಡ್ ಕೆಲಸಕ್ಕೆ ಹೋಗಿದ್ದವು. ಅದೇ ಇಂಗ್ಲೆಂಡಿನಲ್ಲಿ ಆಸ್ಪತ್ರೆಯಲ್ಲಿ ಮಕ್ಕಳ ಹಲ್ಲು ತೆಗೆದ ಲೆಕ್ಕ ಆ ಒಂದು ವರ್ಷ ಅರ್ಧಕ್ಕಿಂತ ಕೆಳಗಿಳಿಯಿತು. ಹುಳುಕು ಕಡಿಮೆಯಾಗಿ ಅಲ್ಲ. ಮಕ್ಕಳು ನೋವು ಇಟ್ಟುಕೊಂಡೇ ಮನೆಯಲ್ಲಿ ಕಾಯುತ್ತಿದ್ದರು. ಇದನ್ನು ಬರೆಯುವಾಗ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಕೊರೆಯದೆ ಹುಳುಕು ನಿಲ್ಲಿಸುವುದು

ಈಗ ಆ ಹುಡುಗಿಯ ಹಲ್ಲಿಗೆ ಬರೋಣ. ಅವಳಿಗೆ ಮೊದಲ ದಿನ ಕೊಟ್ಟದ್ದು ಒಂದು ಹನಿ ದ್ರವ. ಸಿಲ್ವರ್ ಡೈಅಮೈನ್ ಫ್ಲೋರೈಡ್, ನಮ್ಮ ಮಾತಿನಲ್ಲಿ ಎಸ್‌ಡಿಎಫ್. ಹಲ್ಲನ್ನು ಹತ್ತಿಯಿಂದ ಒರೆಸಿ, ಪುಟ್ಟ ಬ್ರಶ್ಶಿನಲ್ಲಿ ತೂತಿಗೆ ಹಚ್ಚಿ, ಒಂದು ನಿಮಿಷ ಬಿಡುವುದು. ಸೂಜಿ ಇಲ್ಲ, ಸದ್ದಿಲ್ಲ, ನೀರು ಚಿಮ್ಮುವುದಿಲ್ಲ. ಬೆಳ್ಳಿ ಬ್ಯಾಕ್ಟೀರಿಯಾ ಕೊಲ್ಲುತ್ತದೆ, ಫ್ಲೋರೈಡ್ ಮೆತ್ತಗಾದ ಹಲ್ಲನ್ನು ಗಟ್ಟಿ ಮಾಡುತ್ತದೆ. ಜಪಾನಿನಲ್ಲಿ ಇದು ದಶಕಗಳಿಂದ ಬಳಕೆಯಲ್ಲಿದೆ. ಅಮೆರಿಕದಲ್ಲಿ 2014ರಲ್ಲಿ ಅನುಮತಿ ಸಿಕ್ಕಿತು. 2021ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ತನ್ನ ಅಗತ್ಯ ಔಷಧಿಗಳ ಪಟ್ಟಿಗೆ ಸೇರಿಸಿತು.

ಒಂದು ತೊಂದರೆ ಇದೆ. ಹುಳುಕಾದ ಜಾಗ ಕಪ್ಪಾಗುತ್ತದೆ, ಆ ಬಣ್ಣ ಹೋಗುವುದಿಲ್ಲ. ಹಾಗಾಗಿ ಹಚ್ಚುವ ಮೊದಲೇ ಫೋಟೋ ತೋರಿಸಿ ತಂದೆ ತಾಯಿಯ ಒಪ್ಪಿಗೆ ಪಡೆಯಬೇಕು. "ನೋಡಿ ಅಮ್ಮ, ಹೀಗೆ ಕಪ್ಪಾಗುತ್ತೆ. ಕಪ್ಪಾದರೆ ಹುಳುಕು ನಿಂತಿದೆ ಅಂತ ಅರ್ಥ" ಅಂತ ಬಿಡಿಸಿ ಹೇಳಿದರೆ ಹಿಂದಿನ ಹಲ್ಲಿಗೆ ಬೇಡ ಅನ್ನುವವರು ತುಂಬಾ ಕಡಿಮೆ. ಮುಂದಿನ ಹಲ್ಲಾದರೆ ಯೋಚಿಸುತ್ತಾರೆ. ಅದು ಅವರ ಹಕ್ಕು.

ಕೆಲವು ತಿಂಗಳ ನಂತರ ಅದೇ ಹಲ್ಲಿಗೆ ಸ್ಟೀಲ್ ಕ್ಯಾಪ್ ಕೂರಿಸಿದೆವು. ಅದೂ ಕೊರೆಯದೆ. ಸ್ಕಾಟ್ಲೆಂಡಿನ ದಂತವೈದ್ಯೆ ನಾರ್ನಾ ಹಾಲ್ ಮಾಡುತ್ತಿದ್ದ ಕ್ರಮ ಇದು. ಅವರ ರೋಗಿಗಳ ದಾಖಲೆಗಳ ಅಧ್ಯಯನ 2006ರಲ್ಲಿ ಪ್ರಕಟವಾದಾಗ ಹಾಲ್ ಟೆಕ್ನಿಕ್ ಅಂತ ಹೆಸರಾಯಿತು. ಹಲ್ಲುಗಳ ಸಂದಿಗೆ ರಬ್ಬರಿನ ಪುಟ್ಟ ಉಂಗುರ ಸಿಕ್ಕಿಸಿ ಕೆಲವು ದಿನ ಬಿಟ್ಟರೆ ಸ್ವಲ್ಪ ಜಾಗವಾಗುತ್ತದೆ. ಆಮೇಲೆ ಸರಿಯಾದ ಅಳತೆಯ ಕ್ಯಾಪ್ ಆರಿಸಿ, ಒಳಗೆ ಸಿಮೆಂಟ್ ತುಂಬಿ, ಹುಳುಕನ್ನು ಮುಟ್ಟದೆ ಹಲ್ಲಿನ ಮೇಲೆ ಒತ್ತಿ ಕೂರಿಸುವುದು. ಮಗುವೇ ಕಚ್ಚಿ ಅದನ್ನು ಕೆಳಗಿಳಿಸುತ್ತದೆ. ಮೊದಲಿಗೆ ಕಚ್ಚುವಾಗ ಆ ಹಲ್ಲು ಎತ್ತರ ಅನಿಸುತ್ತದೆ. ಕೆಲವು ವಾರಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ. ಒಳಗೆ ಸಿಕ್ಕಿಬಿದ್ದ ಬ್ಯಾಕ್ಟೀರಿಯಾಕ್ಕೆ ತಿನ್ನಲು ಏನೂ ಸಿಗುವುದಿಲ್ಲ, ಹುಳುಕು ಅಲ್ಲೇ ನಿಲ್ಲುತ್ತದೆ.

ನಾವು ಕಲಿಯುವಾಗ ಹುಳುಕಿನ ಒಂದು ಚೂರೂ ಬಿಡಬಾರದು ಅಂತ ಹೇಳಿಕೊಟ್ಟಿದ್ದರು. ಅದನ್ನು ಮುಚ್ಚಿಟ್ಟು ಬರುವುದಕ್ಕೆ ಕೈ ಒಪ್ಪುತ್ತಿರಲಿಲ್ಲ. ಪುರಾವೆ ಮಾತ್ರ ಸಾಂಕ್ರಾಮಿಕಕ್ಕೆ ಮೊದಲೇ ನಮ್ಮ ಮುಂದಿತ್ತು. ಬ್ರಿಟನ್ನಿನ ಫಿಕ್ಷನ್ ಅನ್ನುವ ಪ್ರಯೋಗದಲ್ಲಿ ಮೂರರಿಂದ ಏಳು ವರ್ಷದ 1,144 ಮಕ್ಕಳನ್ನು ಮೂರು ಗುಂಪು ಮಾಡಿದ್ದರು. ಒಂದು ಗುಂಪಿಗೆ ಕೊರೆದು ತುಂಬುವ ಹಳೆಯ ಕ್ರಮ, ಇನ್ನೊಂದಕ್ಕೆ ಹುಳುಕನ್ನು ಒಳಗೇ ಮುಚ್ಚಿಡುವ ಕ್ರಮ, ಮೂರನೆಯದಕ್ಕೆ ಬರೀ ತಡೆಗಟ್ಟುವ ಕ್ರಮ. ಮೂರು ವರ್ಷದ ಹತ್ತಿರ ನೋಡಿದರೂ ನೋವು, ಕೀವು ಆದ ಮಕ್ಕಳ ಪ್ರಮಾಣದಲ್ಲಿ ಹೇಳುವಂಥ ವ್ಯತ್ಯಾಸ ಸಿಗಲಿಲ್ಲ. ಮೂರರಲ್ಲೂ ಹತ್ತರಲ್ಲಿ ನಾಲ್ಕು ಮಕ್ಕಳಿಗಾದರೂ ತೊಂದರೆ ಆಗಿತ್ತು. ಹುಳುಕು ಶುರುವಾದ ಮೇಲೆ ಯಾವ ದಾರಿಯೂ ಸುಲಭವಲ್ಲ ಅನ್ನುವುದನ್ನೂ ಈ ಅಂಕಿ ಹೇಳುತ್ತದೆ. ಇದು ಪ್ರಕಟವಾದದ್ದು ಜಗತ್ತು ಬಾಗಿಲು ಹಾಕಿಕೊಂಡ 2020ರ ಶುರುವಿನಲ್ಲೇ.

ಕೈ ಸಲಕರಣೆಯಿಂದಲೇ ಹುಳುಕು ಕೆರೆದು ಗ್ಲಾಸ್ ಅಯೊನೋಮರ್ ಎಂಬ ಹಲ್ಲಿನ ಸಿಮೆಂಟ್ ತುಂಬುವ ಕ್ರಮವೂ ಹೊಸದಲ್ಲ. 1980ರ ದಶಕದಲ್ಲಿ ಟಾಂಜಾನಿಯಾದಲ್ಲಿ, ಕರೆಂಟು ಇಲ್ಲದ ಕಡೆ ಬೆಳೆದು ಬಂದದ್ದು ಅದು. ಬಡ ಊರುಗಳಿಗೆ ಮಾಡಿದ ಚಿಕಿತ್ಸೆ ಅಂತ ದೊಡ್ಡ ಆಸ್ಪತ್ರೆಗಳು ಪಕ್ಕಕ್ಕಿಟ್ಟಿದ್ದವು. 2020ರಲ್ಲಿ ಅದೇ ಆಸ್ಪತ್ರೆಗಳು ಅದನ್ನು ಕೈಗೆತ್ತಿಕೊಂಡವು.

ಇದೆಲ್ಲ ಎಲ್ಲ ಹಲ್ಲಿಗೂ ಅಲ್ಲ. ರಾತ್ರಿ ನಿದ್ದೆ ಕೆಡಿಸುವ ನೋವು, ಒಸಡಿನಲ್ಲಿ ಕೀವಿನ ಗುಳ್ಳೆ, ಮುಖದ ಊತ ಇದ್ದರೆ ನರಕ್ಕೆ ಪೆಟ್ಟಾಗಿದೆ ಅಂತಲೇ. ಅಲ್ಲಿ ನರದ ಚಿಕಿತ್ಸೆ ಬೇಕು, ಇಲ್ಲವೇ ಹಲ್ಲು ತೆಗೆಯಬೇಕು. ಡ್ರಿಲ್ ಬೇಕೇ ಬೇಕಾದಾಗ ಹಲ್ಲನ್ನು ಬಾಯಿಯ ಎಂಜಲಿನಿಂದ ಬೇರೆ ಮಾಡುವ ರಬ್ಬರ್ ಹಾಳೆ, ಅಂದರೆ ರಬ್ಬರ್ ಡ್ಯಾಮ್ ಹಾಕಿ, ದೊಡ್ಡ ಬಾಯಿಯ ಸಕ್ಷನ್ ಹಿಡಿದು ಮಾಡುತ್ತಿದ್ದೆವು. ರಬ್ಬರ್ ಡ್ಯಾಮ್ 1864ರಷ್ಟು ಹಳೆಯದು. ಎಷ್ಟೋ ವೈದ್ಯರು ಕಾಲೇಜು ಬಿಟ್ಟ ಮೇಲೆ ಅದನ್ನು ಮುಟ್ಟಿಯೇ ಇರಲಿಲ್ಲ.

ಫೋನಿನಲ್ಲಿ ಹಲ್ಲು ನೋಡುವುದು

ಫೋಟೋ ಕಳಿಸಿ ಅಂದರೆ ಮೊದಲು ಬರುತ್ತಿದ್ದವು ಮಸುಕಾದ ತುಟಿಯ ಚಿತ್ರಗಳು. ಆಮೇಲೆ ಕ್ರಮವಾಗಿ ಹೇಳಿಕೊಡಲು ಕಲಿತೆವು. ಮಗುವನ್ನು ಹಾಸಿಗೆಯ ಮೇಲೆ ಮಲಗಿಸಿ, ತಲೆ ನಿಮ್ಮ ತೊಡೆಯ ಮೇಲಿರಲಿ. ಇನ್ನೊಬ್ಬರು ಟಾರ್ಚ್ ಹಿಡಿಯಲಿ. ಚಮಚದ ಹಿಡಿಯಿಂದ ಕೆನ್ನೆಯನ್ನು ಮೆಲ್ಲಗೆ ಹೊರಗೆ ಸರಿಸಿ. ಮೇಲ್ದುಟಿ ಎತ್ತಿ ಒಸಡಿನ ಅಂಚು ನೋಡಿ, ಅಲ್ಲಿ ಸುಣ್ಣದ ಗೆರೆಯಂಥ ಬಿಳಿ ಇದ್ದರೆ ಹುಳುಕು ಈಗಷ್ಟೇ ಶುರುವಾಗಿದೆ. ಮನೆಯಲ್ಲಿ ತಿಂಗಳಿಗೊಮ್ಮೆ ತುಟಿ ಎತ್ತಿ ನೋಡುವ ಅಭ್ಯಾಸ ಎಷ್ಟೋ ಅಪ್ಪ ಅಮ್ಮಂದಿರಿಗೆ ಆ ದಿನಗಳಲ್ಲಿ ಬಂತು.

ತಕ್ಷಣ ಕರೆತರಬೇಕಾದ ಮಗು ಯಾವುದು ಅನ್ನುವುದನ್ನೂ ಫೋನಿನಲ್ಲೇ ಹೇಳಬೇಕಿತ್ತು. ಕಣ್ಣಿನವರೆಗೆ ಏರುವ ಊತ, ನುಂಗಲು ಕಷ್ಟ, ಊತದ ಜೊತೆ ಜ್ವರ ಇದ್ದರೆ ಕಾಯುವ ಮಾತೇ ಇಲ್ಲ. ಬಿದ್ದು ಹಲ್ಲು ಪೂರ್ತಿ ಕಿತ್ತು ಬಂದಿದ್ದರೆ ಮೊದಲ ಪ್ರಶ್ನೆ: ಹಾಲುಹಲ್ಲೋ, ಹೊಸ ಹಲ್ಲೋ? ಹಾಲುಹಲ್ಲಾದರೆ ವಾಪಸ್ ಕೂರಿಸಬಾರದು, ಒಳಗಿನ ಹೊಸ ಹಲ್ಲಿಗೆ ಪೆಟ್ಟಾಗುತ್ತದೆ. ಹೊಸ ಹಲ್ಲಾದರೆ ಬೇರು ಮುಟ್ಟದೆ ಮೇಲಿನ ಭಾಗ ಹಿಡಿದು, ಕೊಳೆಯಿದ್ದರೆ ಒಮ್ಮೆ ತೊಳೆದು, ಅದೇ ಜಾಗದಲ್ಲಿ ಕೂರಿಸಿ ಓಡಿ ಬನ್ನಿ. ಕೂರಿಸಲು ಆಗದಿದ್ದರೆ ಹಾಲಿನಲ್ಲಿ ಹಾಕಿ ತನ್ನಿ. ಇಲ್ಲಿ ಒಂದೊಂದು ನಿಮಿಷಕ್ಕೂ ಲೆಕ್ಕವಿದೆ.

ಕೈಗೆ ಬಾರದ ವಿದ್ಯೆ

ಕಲಿಯುವವರ ಕಥೆ ಹೆಚ್ಚು ಕಷ್ಟದ್ದು. ಪಾಠಗಳು ಆನ್‌ಲೈನ್ ಆದವು, ಅದರಲ್ಲಿ ದೊಡ್ಡ ನಷ್ಟವಿಲ್ಲ. ರೆಕಾರ್ಡ್ ಆದ ಪಾಠವನ್ನು ಎರಡು ಸಲ ಕೇಳಬಹುದು. ಫ್ಯಾಂಟಮ್ ಹೆಡ್ ಎಂಬ ಗೊಂಬೆ ತಲೆಯ ಮೇಲೆ ಕ್ಯಾಪ್ ಕೂರಿಸುವುದು, ತೂತು ಕೊರೆಯುವುದು ಅಭ್ಯಾಸ ಮಾಡಬಹುದು. ಕೊರೆಯುವಾಗ ಕೈಗೆ ಹಲ್ಲಿನ ಗಟ್ಟಿತನ ತಿಳಿಸುವ ಕಂಪ್ಯೂಟರ್ ಸಿಮ್ಯುಲೇಟರ್‌ಗಳೂ ಇವೆ. ಅಮೆರಿಕದಲ್ಲಿ ಲೈಸೆನ್ಸ್ ಪರೀಕ್ಷೆಗೂ ಜೀವಂತ ರೋಗಿಯ ಬದಲು ಗೊಂಬೆ ಬಂತು. ಅದು ಒಳ್ಳೆಯದೇ ಆಯಿತು. ಪರೀಕ್ಷೆಗೋಸ್ಕರ ರೋಗಿ ಹುಡುಕುವ ಪದ್ಧತಿ ನನಗೆ ಯಾವತ್ತೂ ಸರಿ ಕಂಡಿಲ್ಲ.

ಆದರೆ ಗೊಂಬೆ ಅಳುವುದಿಲ್ಲ. ನಾಲಿಗೆಯಿಂದ ನಿಮ್ಮ ಕೈ ತಳ್ಳುವುದಿಲ್ಲ. "ಇನ್ನೆಷ್ಟು ಹೊತ್ತು" ಅಂತ ಕೇಳುವುದಿಲ್ಲ. ನಮ್ಮ ವಿಭಾಗದಲ್ಲಿ ಎಲ್ಲರೂ ಮೊದಲು ಕಲಿಯುವುದು ಹೇಳು, ತೋರಿಸು, ಮಾಡು ಅನ್ನುವ ಕ್ರಮ. ಆಡಲ್‌ಸ್ಟನ್ ಎಂಬ ದಂತವೈದ್ಯರು 1959ರಲ್ಲಿ ಇದನ್ನು ವಿವರಿಸಿದರು. ಮೊದಲು ಮಗುವಿನ ಭಾಷೆಯಲ್ಲಿ ಹೇಳುವುದು, ಆಮೇಲೆ ಅದರ ಉಗುರಿನ ಮೇಲೆ ಬ್ರಶ್ ತಿರುಗಿಸಿ ತೋರಿಸುವುದು, ಕೊನೆಗೆ ಹಲ್ಲಿನ ಮೇಲೆ ಮಾಡುವುದು. ಪುಸ್ತಕದಲ್ಲಿ ಇದು ಮೂರು ಸಾಲು. ಕೈಗೆ ಬರಲು ನೂರು ಮಕ್ಕಳು ಬೇಕು.

ಆ ವರ್ಷಗಳಲ್ಲಿ ಕಲಿತ ಒಬ್ಬ ಪಿಜಿ ವಿದ್ಯಾರ್ಥಿನಿ ಮೊದಲ ಬಾರಿ ಮಗುವಿಗೆ ಇಂಜೆಕ್ಷನ್ ಕೊಟ್ಟದ್ದನ್ನು ಪಕ್ಕದಲ್ಲೇ ನಿಂತು ನೋಡಿದ್ದೇನೆ. ಸೂಜಿ ಹೋಗಬೇಕಾದ ಜಾಗ ಅವಳಿಗೆ ಚೆನ್ನಾಗಿ ಗೊತ್ತು. ಬಲಗೈ ಅಲುಗಲಿಲ್ಲ. ಎಡಗೈ ಮಾತ್ರ ಏನು ಮಾಡಬೇಕು ಅಂತ ತಿಳಿಯದೆ ಗಾಳಿಯಲ್ಲಿ ನಿಂತಿತ್ತು. ಅನುಭವ ಇರುವವರ ಎಡಗೈ ಮಗುವಿನ ಗಲ್ಲ ಹಿಡಿದಿರುತ್ತದೆ. ಹೆಬ್ಬೆರಳು ಕೆನ್ನೆಯನ್ನು ಮೆಲ್ಲಗೆ ಅಲುಗಿಸುತ್ತಾ ಗಮನ ಬೇರೆಡೆ ಸೆಳೆಯುತ್ತದೆ. ಮಗು ತಲೆ ತಿರುಗಿಸುವ ಅರೆಕ್ಷಣ ಮೊದಲೇ ಗಲ್ಲದ ಸ್ನಾಯು ಬಿಗಿಯಾಗುವುದು ಅಂಗೈಗೆ ಗೊತ್ತಾಗುತ್ತದೆ. ನಾನು ಅವಳ ಕೈಯ ಮೇಲೆ ಕೈ ಇಟ್ಟು ತೋರಿಸಿದೆ. ಎರಡು ವರ್ಷ ಹಿಂದೆಯೇ ಆಗಬೇಕಿದ್ದ ಪಾಠ ಅದು. "ಮೇಡಂ, ಇದು ಯಾವ ವಿಡಿಯೋದಲ್ಲೂ ಇರಲಿಲ್ಲ" ಅಂದಳು.

ಆ ಬ್ಯಾಚಿನವರು ಕಡಿಮೆ ಓದಿದವರು ಅಂತ ಅನ್ನುವವರ ಮಾತು ನಾನು ಒಪ್ಪುವುದಿಲ್ಲ. ಕೊರೆಯದ ಚಿಕಿತ್ಸೆ ಅವರಿಗೆ ನಮಗಿಂತ ಚೆನ್ನಾಗಿ ಗೊತ್ತು. ಫೋನಿನಲ್ಲಿ ನಾಲ್ಕು ಪ್ರಶ್ನೆ ಕೇಳಿ ತುರ್ತು ಯಾವುದು ಅಂತ ಹೇಳುತ್ತಾರೆ. ಬರೀ ಕಣ್ಣಿನಿಂದ ನಗುವುದನ್ನು, ಕೈ ಸನ್ನೆಯಲ್ಲಿ ಮಾತಾಡುವುದನ್ನು ಕಲಿತವರು ಅವರು. ಅವರಿಗೆ ಕೊರತೆ ಇರುವುದು ನರದ ಚಿಕಿತ್ಸೆ, ಇಂಜೆಕ್ಷನ್, ಒಪ್ಪದ ಮಗುವಿನ ಜೊತೆ ಕೆಲಸ, ಇಂಥ ಕಡೆ. ಎಷ್ಟೋ ಕಡೆ ಕಲಿಯುವಾಗ ಮಾಡಲೇಬೇಕಾದ ಕೇಸುಗಳ ಲೆಕ್ಕ ಇಳಿಸಿ, ಡಿಗ್ರಿ ಕೊಟ್ಟು ಕಳಿಸಿದರು. ಲೆಕ್ಕ ಇಳಿಸಿದ್ದು ಸರಿ. ಆಮೇಲೆ ಯಾರಾದರೂ ಅನುಭವಸ್ಥರ ಪಕ್ಕ ಕೆಲವು ತಿಂಗಳು ಕೂರಿಸಿ ಕೊರತೆ ತುಂಬಬೇಕಿತ್ತು. ಅದು ಎಲ್ಲ ಕಡೆ ಆಗಲಿಲ್ಲ. ಈಗಲೂ ತಡವಾಗಿಲ್ಲ. ಅವರು ಇನ್ನೂ ಮೂವತ್ತು ವರ್ಷ ಮಕ್ಕಳ ಬಾಯಿ ನೋಡುವವರು.

ಈಗ ಏರೋಟರ್ ಸದ್ದು ಎಲ್ಲ ಕಡೆ ಮರಳಿದೆ. ಜೊತೆಗೆ ಹಳೆಯ ಅಭ್ಯಾಸಗಳೂ ಮರಳುತ್ತಿರುವುದು ನನಗೆ ಬೇಸರ ತರುತ್ತದೆ. ಎಸ್‌ಡಿಎಫ್ ಅಂದರೆ ಕೋವಿಡ್ ಕಾಲದ ಅಡ್ಜಸ್ಟ್‌ಮೆಂಟ್ ಅನ್ನುವವರಿದ್ದಾರೆ. ವಿದ್ಯಾರ್ಥಿಗಳ ಲಾಗ್‌ಬುಕ್‌ನಲ್ಲಿ ಎಷ್ಟು ಫಿಲ್ಲಿಂಗ್ ಅನ್ನುವ ಲೆಕ್ಕ ಮತ್ತೆ ಮುಖ್ಯವಾಗಿದೆ. 2022ರ ವಿಶ್ವ ಆರೋಗ್ಯ ಸಂಸ್ಥೆಯ ವರದಿಯ ಪ್ರಕಾರ ಜಗತ್ತಿನಲ್ಲಿ 51 ಕೋಟಿಗೂ ಹೆಚ್ಚು ಮಕ್ಕಳ ಹಾಲುಹಲ್ಲು ಹುಳುಕಾಗಿವೆ. ಇಷ್ಟು ಮಕ್ಕಳನ್ನು ಕುರ್ಚಿಯಲ್ಲಿ ಮಲಗಿಸಿ, ಸೂಜಿ ಚುಚ್ಚಿ, ಕೊರೆದು ಮುಗಿಸುವಷ್ಟು ವೈದ್ಯರು ಎಲ್ಲೂ ಇಲ್ಲ. ಒಂದು ಹನಿ, ಒಂದು ಬ್ರಶ್, ಒಂದು ನಿಮಿಷದ ಚಿಕಿತ್ಸೆಯನ್ನು ಶಾಲೆಗೇ ಒಯ್ಯಬಹುದು.

ಆ ಹುಡುಗಿ ವರ್ಷಕ್ಕೆ ಎರಡು ಸಲ ಬರುತ್ತಲೇ ಇದ್ದಳು. ಹತ್ತು ದಾಟಿದ ಮೇಲೆ ಒಂದು ದಿನ ಪುಟ್ಟ ಡಬ್ಬಿ ತಂದು ಮೇಜಿನ ಮೇಲಿಟ್ಟಳು. ಒಳಗೆ ಆ ದವಡೆ ಹಲ್ಲು, ಸ್ಟೀಲ್ ಕ್ಯಾಪ್ ಇನ್ನೂ ಅದರ ಮೇಲೇ ಇತ್ತು. "ತಾನಾಗೇ ಬಿತ್ತು ಡಾಕ್ಟ್ರೇ, ನೋವೇ ಆಗ್ಲಿಲ್ಲ" ಅಂದಳು. ಹೇಳದೆಯೇ ಬಾಯಿ ತೆರೆದು ತೋರಿಸಿದಳು. ಅದರ ಜಾಗದಲ್ಲಿ ಹೊಸ ಹಲ್ಲಿನ ತುದಿ ಒಸಡಿನಿಂದ ಆಗಲೇ ಇಣುಕುತ್ತಿತ್ತು.